ಬಸವಣ್ಣೆಪ್ಪನ ಅಲ್ಲಾಡದ ಗಾಳ

ಬಸವಣ್ಣೆಪ್ಪನಿಗೆ "ಹೆಣ" ಎಂದು ಅಡ್ಡಹೆಸರಿಟ್ಟವನು ನಾನೇ. ಯಾರೋ ಇಟ್ಟರು, ನಾನೂ ಕರೆದೆ ಎಂದು ಜಾರಿಕೊಳ್ಳಬಹುದು. ಒಂದು ವರ್ಷ ಹಾಗೆ ಜಾರಿಕೊಂಡಿದ್ದೂ ಆಯಿತು. ಇನ್ನು ಸಾಕು.

ಅವನು ಬ್ಯಾಡಗಿ ಕಡೆಯವನು. ಇಪ್ಪತ್ತಾರು ವರ್ಷದ ಹಿಂದೆ ಫ್ರಿಜ್, ಏಸಿ ರಿಪೇರಿಯ ಕೋರ್ಸ್ ಓದಲು ಸಿಡ್ನಿಗೆ ಬಂದು, ಪಿಆರ್ ಪಡೆದು ಕಾಯಂ ಆಗಿ, ಟೂಂಗಾಬಿಯಲ್ಲಿ ಮನೆ ಮಾಡಿಕೊಂಡ. ಚಾಟ್ಸ್‌ವುಡ್‌ನಲ್ಲಿ ಹತ್ತೊಂಬತ್ತು ಮಹಡಿಯ ಒಂದು ಆಫೀಸು ಕಟ್ಟಡವಿದೆ, ಅದರ ಏಸಿಗಳೆಲ್ಲ ಅವನ ಸುಪರ್ದಿ. ಅದೇ ಕಟ್ಟಡದ ಕೆಳಗಿನ ಫುಡ್ ಕೋರ್ಟ್‌ನಲ್ಲಿ ನಾನು ದೋಸೆ ಹೆಂಚಿನ ಮುಂದೆ ನಿಂತಿರುತ್ತಿದ್ದೆ. ನಾನು ಹೊಳೆನರಸೀಪುರದ ಕಡೆಯವನು, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಓದಿನಿಂದಲ್ಲ, ದೋಸೆಯಿಂದ ವೀಸಾ ಸಿಕ್ಕವನು.

ಒಂದು ದಿನ ಮಧ್ಯಾಹ್ನ ಹೊಗೆ ಎಳೆಯುವ ಫ್ಯಾನು ನಿಂತುಹೋಯಿತು. ಮೂವತ್ತು ಜನ ಸಾಲಿನಲ್ಲಿದ್ದಾರೆ, ಅಂಗಡಿಯೆಲ್ಲ ಹೊಗೆ, ನನ್ನ ಕಣ್ಣಲ್ಲಿ ನೀರು. ಏಣಿ ಹಿಡಿದುಕೊಂಡು ಒಬ್ಬ ಉದ್ದನೆ ಮನುಷ್ಯ ಬಂದ. ಇಷ್ಟು ಹೊತ್ತು ಎಲ್ಲಿ ಸತ್ತಿದ್ದೆ ಎಂದು ನಾನು ಕನ್ನಡದಲ್ಲೇ ಬೈದೆ. ಇವನಿಗೆಲ್ಲಿ ಅರ್ಥವಾದೀತು ಎಂಬ ಧೈರ್ಯ.

ಅವನು ಏಣಿ ಒರಗಿಸಿಟ್ಟು, ಕೈಕಟ್ಟಿ ನಿಂತು ಹೇಳಿದ: "ನೀ ಬೈಯೂದು ಮುಗಸು ತಮ್ಮಾ. ಆಮ್ಯಾಲ ನಾ ಫ್ಯಾನ್ ಬಿಚ್ತೀನಿ. ಎರಡೂ ಒಮ್ಮೆಲೆ ನಡಿಯಂಗಿಲ್ಲ."

ನಮ್ಮ ಪರಿಚಯ ಆದದ್ದು ಹೀಗೆ. ಅವತ್ತಿನಿಂದ ಅವನು ನನಗೆ ಬಸಣ್ಣ, ನಾನು ಅವನಿಗೆ ತಮ್ಮ.

ಬಸಣ್ಣನಿಗೆ ಮೀನು ಹಿಡಿಯುವ ಹುಚ್ಚಿದೆ ಎಂದು ಗೊತ್ತಾದಾಗ ನನಗೆ ನಗು ತಡೆಯಲಾಗಲಿಲ್ಲ. ಬೆಳಿಗ್ಗೆ ವಿಭೂತಿ ಹಚ್ಚದೆ ಮನೆ ಬಿಡುವವನಲ್ಲ. ಮೊಟ್ಟೆ ಹಾಕಿದ ಕೇಕನ್ನೂ ತಿನ್ನುವುದಿಲ್ಲ. ಈ ದೇಶಕ್ಕೆ ಬಂದ ಹೊಸತರಲ್ಲಿ ಹಾಕ್ಸ್‌ಬರಿ ನದಿಯ ದಂಡೆಯಲ್ಲಿ ಕಾರವಾನ್ ಪಾರ್ಕ್ ಒಂದರಲ್ಲಿ ಕಕ್ಕಸು ತೊಳೆಯುವ ಕೆಲಸ ಮಾಡಿದ್ದನಂತೆ. ಅಲ್ಲಿದ್ದ ಮುದುಕನೊಬ್ಬ ಅವನ ಕೈಗೆ ರಾಡ್ ಕೊಟ್ಟು ಬಾಸ್ ಮೀನಿನ ರುಚಿ ಹತ್ತಿಸಿದ. ತಿನ್ನುವ ರುಚಿಯಲ್ಲ. ದಾರದ ತುದಿಯಲ್ಲಿ ಯಾವುದೋ ಜೀವ ಒಮ್ಮೆ ಜಗ್ಗುತ್ತದಲ್ಲ, ಅದರ ರುಚಿ.

ಮದುವೆಯಾದ ಮೇಲೆ ಹೆಂಡತಿ ಸರಸ್ವತಕ್ಕ ಮೂರು ಷರತ್ತು ಹಾಕಿದ್ದಳು. ಹಿಡಿದ ಮೀನನ್ನು ಅಲ್ಲೇ ಬಿಟ್ಟು ಬರಬೇಕು. ಮೀನಿನ ವಾಸನೆಯ ಬಟ್ಟೆ ಮನೆಯೊಳಗೆ ಬರಬಾರದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಗಾಳಕ್ಕೆ ಜೀವವಿರುವ ಯಾವುದನ್ನೂ ಚುಚ್ಚಬಾರದು. ಎರೆಹುಳು ಇಲ್ಲ, ಮಿಡತೆ ಇಲ್ಲ, ಸೀಗಡಿ ಇಲ್ಲ. "ಒಂದು ಜೀವಕ್ಕ ಇನ್ನೊಂದು ಜೀವ ಚುಚ್ಚಿ ಆಟ ಆಡೂದು ನಮ್ಮ ಮನ್ಯಾಗ ಬ್ಯಾಡ" ಅಂದಿದ್ದಳಂತೆ. ಹಾಗಾಗಿ ಬಸಣ್ಣ ಬಳಸುತ್ತಿದ್ದದ್ದು ರಬ್ಬರ್ ಹುಳು ಮಾತ್ರ. ಗಾಳದ ಮುಳ್ಳನ್ನೂ ಇಕ್ಕಳದಿಂದ ಒತ್ತಿ ನುಣುಪು ಮಾಡಿರುತ್ತಿದ್ದ. ಇನ್ನೊಂದು ಷರತ್ತನ್ನು ಅವನೇ ಹಾಕಿಕೊಂಡಿದ್ದ. ಮೀನು ನೀರಿನಿಂದ ಹೊರಗಿರುವಷ್ಟು ಹೊತ್ತು ತಾನೂ ಉಸಿರು ಕಟ್ಟುತ್ತಿದ್ದ. ಫೋಟೋ ತೆಗೆಯುವುದು ತಡವಾದರೆ ಅವನ ಮುಖ ಬದನೆಕಾಯಿ ಆಗುತ್ತಿತ್ತು.

ಆಮೇಲೆ ನನಗೂ ಹುಚ್ಚು ಹಿಡಿಯಿತು. ಆದರೆ ನನ್ನದು ಬೇರೆ ಹುಚ್ಚು. ನನಗೆ ನೀರಿನ ಮೇಲೆ ತೇಲುವ ಲೂರ್, ಅಂದರೆ ನಕಲಿ ಹುಳು, ಬೇಕು. ಜೀರುಂಡೆ ಥರ ಇರುತ್ತದೆ. ಎಸೆದು, ಟಪ್ ಟಪ್ ಅಂತ ಎಳೆದರೆ ಕೆಳಗಿನಿಂದ ಬಾಸ್ ಬಂದು ಪಟಾಕಿ ಹೊಡೆದ ಹಾಗೆ ನೀರು ಸಿಡಿಸಿ ಕಚ್ಚುತ್ತದೆ. ಅದಕ್ಕಾಗಿ ದಿನಕ್ಕೆ ಮುನ್ನೂರು ಸಲ ಎಸೆಯಲೂ ನಾನು ತಯಾರು. ಈ ಹವ್ಯಾಸದವರಿಗೆಲ್ಲ ತಾವು ಮುಟ್ಟಲು ಒಲ್ಲದ ಒಂದೊಂದು ಪಟ್ಟು ಇರುತ್ತದೆ. ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನ ರಾಘವ್, ಐಟಿ ಹುಡುಗ, ದೋಣಿಯ ಹಿಂದೆ ದಾರ ಬಿಟ್ಟುಕೊಂಡು ಸುಮ್ಮನೆ ಓಡಿಸುವುದನ್ನು ಕಂಡರೆ ಉರಿದು ಬೀಳುತ್ತಿದ್ದ. "ಅದು ಫಿಶಿಂಗ್ ಅಲ್ಲ ಅಂಕಲ್, ಡ್ರೈವಿಂಗ್. ದಿನಾ ಫ್ರೀವೇನಲ್ಲಿ ಅದನ್ನೇ ಮಾಡ್ತೀನಿ" ಅನ್ನುತ್ತಿದ್ದ. ಇನ್ನು ಕೆಲವರಿಗೆ ಭಾರದ ಗುಂಡು ಕಟ್ಟಿ ತಳದಲ್ಲಿ ಎಳೆಯುವುದೆಂದರೆ ಆಗದು. ಪ್ರತಿ ಎರಡನೇ ಎಸೆತಕ್ಕೂ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಆದರೆ ಎಲ್ಲರೂ ಒಟ್ಟಾಗಿ ದ್ವೇಷಿಸುವ ಪಟ್ಟು ಬಸಣ್ಣನದು. ಭಾರ ಕಟ್ಟದ ರಬ್ಬರ್ ಹುಳುವನ್ನು ಬಿದ್ದ ಮರದ ಪಕ್ಕ ಎಸೆಯುವುದು, ಅದು ತಾನಾಗಿ ಮುಳುಗಲು ಬಿಡುವುದು, ಆಮೇಲೆ ಏನೂ ಮಾಡದೆ ಕೂರುವುದು. ಬೆರಳು ಕೂಡ ಅಲ್ಲಾಡಿಸುವಂತಿಲ್ಲ. ಅವನು ಕೂತಲ್ಲೇ ತುಟಿ ಆಡಿಸುತ್ತಿದ್ದ. ಮಂತ್ರವೇನೋ ಅಂದುಕೊಂಡಿದ್ದೆ. ಹತ್ತಿರ ಹೋಗಿ ಕೇಳಿಸಿಕೊಂಡರೆ, "ಸೋಮವಾರ… ಮಂಗಳವಾರ… ಬುಧವಾರ…"

"ಇದೇನ್ ಬಸಣ್ಣ, ಕ್ಯಾಲೆಂಡರ್ ಓದ್ತಿದೀಯಾ?"

"ನಾಕು ವಾರ ಎಣಸ್ತೀನಿ. ಒಂದು ತಿಂಗಳು. ಆಮ್ಯಾಲ ಒಂದು ಸ್ವಲ್ಪ ಎಳೀತೀನಿ. ಮತ್ತ ಒಂದು ತಿಂಗಳು."

"ಮೀನ್ ಹಿಡಿಯೋಕ್ ಬಂದಿದೀಯೋ ಹೆಣ ಕಾಯೋಕ್ ಬಂದಿದೀಯೋ?"

ಅವನು ನಕ್ಕ. ಅವತ್ತು ಸಂಜೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಾನು "ಹೆಣ ಕಾಯೋ ಬಸಣ್ಣ" ಎಂದು ಅವನ ಫೋಟೋ ಹಾಕಿದೆ. ಒಂದು ವಾರದಲ್ಲಿ ಕಾಯೋದು ಬಿದ್ದುಹೋಗಿ ಬರೀ ಹೆಣ ಉಳಿಯಿತು. ಅವನು ಅದಕ್ಕೂ ನಕ್ಕ. ಅವನು ನಕ್ಕಿದ್ದರಿಂದ ನೋವಾಗಿಲ್ಲ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟೆವು.

ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ, ಸಿಡ್ನಿಯ ಕನ್ನಡಿಗರಿಗೂ ಮೆಲ್ಬರ್ನ್‌ನ ಕನ್ನಡಿಗರಿಗೂ ಒಂದು ದಿನದ ಪಂದ್ಯ ನಡೆಯುತ್ತದೆ. ಇಬ್ಬರಿಬ್ಬರ ಜೋಡಿ. ಒಂದು ಜೋಡಿಯ ಎರಡು ಮೀನಿನ ಉದ್ದ ಕೂಡಿಸುವುದು, ಹೆಚ್ಚು ಯಾರದೋ ಅವರ ಊರಿಗೆ ಗೆಲುವು. ಜೀವಂತ ಬೆಯ್ಟ್, ಅಂದರೆ ಎರೆ, ಹಾಕುವ ಹಾಗಿಲ್ಲ, ಲೂರ್ ಮಾತ್ರ. ಅದಕ್ಕೆ ಸಾಕ್ಷಿಯಾಗಿ ಗಾಳ ಬಾಯಲ್ಲಿ ಇರುವಾಗಲೇ ಮೀನನ್ನು ಅಳತೆ ಚಾಪೆಯ ಮೇಲೆ ಮಲಗಿಸಿ ಫೋಟೋ ತೆಗೆಯಬೇಕು, ಆಮೇಲೆ ಬಿಡಬೇಕು. ಗೆದ್ದವರಿಗೆ ಒಂದು ಮರದ ಫಲಕ. ಎರಡು ವರ್ಷದಿಂದ ಅದು ರಾಘವ್ ಮನೆಯ ಟಿವಿ ಮೇಲೆ ಕೂತಿತ್ತು.

ಹೋದ ವರ್ಷದ ಪಂದ್ಯ ಪೆನ್ರಿತ್ ಹತ್ತಿರ ನೆಪಿಯನ್ ನದಿಯಲ್ಲಿ. ನಾನು, ಬಸಣ್ಣ ಒಂದು ಜೋಡಿ. ನನ್ನ ಟಿನ್ನಿಯಲ್ಲಿ, ಅಂದರೆ ಇಲ್ಲಿಯ ಸಣ್ಣ ಅಲ್ಯೂಮಿನಿಯಂ ದೋಣಿಯಲ್ಲಿ ಹೊರಟೆವು. ಬೆಳಿಗ್ಗೆ ಬಸಣ್ಣನಿಗೆ ಮೂವತ್ತೈದು ಸೆಂಟಿಮೀಟರಿನ ಒಂದು ಮೀನು ಸಿಕ್ಕಿತು. ನನಗೆ ಏನೂ ಇಲ್ಲ. ಬಿಸಿಲು ಏರಿತು, ನೀರು ಕನ್ನಡಿಯಾಯಿತು, ನನ್ನ ಜೀರುಂಡೆಯನ್ನು ಒಂದು ಮೀನೂ ಮೂಸಿ ನೋಡಲಿಲ್ಲ. ಅಷ್ಟರಲ್ಲಿ ರಾಘವ್ ಮೆಸೇಜ್ ಹಾಕಿದ: ಎರಡು ಮೀನು, ಒಟ್ಟು ಎಪ್ಪತ್ತನಾಲ್ಕು. ಜೊತೆಗೆ ಹಲ್ಲುಗಿಂಜುವ ಗೊಂಬೆ.

"ಇನ್ನು ನಲವತ್ತರದ್ದು ಒಂದು ಬೇಕು ಬಸಣ್ಣ! ಇನ್ನೆರಡೇ ಗಂಟೆ ಉಳಿದಿರೋದು. ಸ್ವಲ್ಪ ಕೈ ಆಡಿಸು, ದಮ್ಮಯ್ಯ!"

"ಆ ಬಿದ್ದ ಮರದ ಬುಡಕ್ಕ ದೊಡ್ಡದೊಂದು ಐತಿ. ನಾ ನೆಳ್ಳ ನೋಡೀನಿ. ಗಡಿಬಿಡಿ ಮಾಡಿದರ ಬರಂಗಿಲ್ಲ ಅದು. ಮೊದಲ ರೊಟ್ಟಿ ತಿನ್ನೂಣು ನಡಿ."

ದೋಣಿಯನ್ನು ದಂಡೆಗೆ ತಂದೆವು. ಮೀನು ಮುಟ್ಟಿದ ಕೈಯಲ್ಲಿ ಅವನು ಊಟ ಮುಟ್ಟುವುದಿಲ್ಲ. ಸೋಪು, ನೀರಿನ ಬಾಟಲಿ, ರೊಟ್ಟಿಯ ಡಬ್ಬಿ ತೆಗೆದುಕೊಂಡು ದಂಡೆ ಹತ್ತಿ ಮರದ ಹಿಂದಕ್ಕೆ ಹೋದ. ನಾನು ಹಸಿವಿಲ್ಲ ಎಂದು ದೋಣಿಯಲ್ಲೇ ಕೂತೆ.

ಎದುರಿಗೆ ಅವನ ರಾಡ್. ದಂಡೆಯ ಜೊಂಡಿನಲ್ಲಿ ಬೆರಳುದ್ದದ ಸೀಗಡಿಗಳು ಚಿಮ್ಮುತ್ತಿದ್ದವು. ಮೀನೆತ್ತುವ ಬಲೆಯನ್ನು ಜೊಂಡಿನಲ್ಲಿ ಒಮ್ಮೆ ಎಳೆದೆ. ಮೂರು ಬಂದವು. ಒಂದನ್ನು ಎತ್ತಿಕೊಂಡು ಬಸಣ್ಣನ ಗಾಳಕ್ಕೆ, ರಬ್ಬರ್ ಹುಳುವಿನ ಪಕ್ಕಕ್ಕೆ ಚುಚ್ಚಿದೆ. ನನ್ನ ಜೀರುಂಡೆಗೆ ಚುಚ್ಚಿ ಪ್ರಯೋಜನವಿರಲಿಲ್ಲ. ಅದು ತೇಲುವ ಸಾಮಾನು. ಅಲ್ಲಾಡದೆ ಕಾಯುವ ಗಾಳಕ್ಕೇ ಸೀಗಡಿ ಸರಿಹೋಗುವುದು. ಎಷ್ಟು ನಿಮಿಷ ಆಯಿತು? ಎರಡು ಇರಬಹುದು. ಅಷ್ಟರಲ್ಲಿ ಒಮ್ಮೆಯೂ ಸರಸ್ವತಕ್ಕನ ಷರತ್ತು ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಾಯಿತು. ಚುಚ್ಚುತ್ತಿರುವುದು ಅವನಲ್ಲವಲ್ಲ, ನಾನು ಎಂದು ಸಮಾಧಾನ ಮಾಡಿಕೊಂಡೆ.

ಬಸಣ್ಣ ಬರುವಷ್ಟರಲ್ಲಿ ದೋಣಿ ಬಿಚ್ಚಿ ಸಿದ್ಧವಾಗಿದ್ದೆ. ಮರದ ಹತ್ತಿರ ಹೋಗುತ್ತಲೇ ಅವನ ರಾಡನ್ನು ನಾನೇ ಎಸೆದು ಅವನ ಕೈಗೆ ಕೊಟ್ಟೆ.

"ಇವತ್ತ ಏನು, ನನಗ ಸೇವಾ ನಡದೈತಿ?" ಅಂದ.

"ಎಣಿಸು, ಎಣಿಸು" ಅಂದೆ.

ಅವನು ಎಣಿಸಿದ. ಎರಡನೇ ವಾರದ ಬುಧವಾರಕ್ಕೆ ದಾರ ಓಡಿತು. ರಾಡ್ ಬಿಲ್ಲಿನ ಹಾಗೆ ಬಾಗಿತು. ಆಗ ಅವನ ಮುಖ ನೋಡಬೇಕಿತ್ತು. ಐವತ್ನಾಲ್ಕು ವರ್ಷದ ಮನುಷ್ಯ, ಗೋಲಿ ಗೆದ್ದ ಹುಡುಗನ ಥರ. ನಲವತ್ನಾಲ್ಕು ಸೆಂಟಿಮೀಟರ್! ಚಾಪೆಯ ಮೇಲಿಟ್ಟು ಹಿಡಿದುಕೊಂಡು ಅವನು ಉಸಿರು ಕಟ್ಟಿದ, ಕಣ್ಣು ಮುಚ್ಚಿಕೊಂಡ. ನಾನು ಫೋಟೋ ಹೊಡೆದೆ. ಬಿಸಿಲಿಗೆ ಫೋನಿನ ಸ್ಕ್ರೀನು ಕಾಣಿಸುತ್ತಿರಲಿಲ್ಲ. "ನಾನು ಬಿಡಿಸ್ತೀನಿ, ನೀನು ಉಸಿರು ತಗೋ" ಎಂದು ಗಡಿಬಿಡಿಯಲ್ಲಿ ಗಾಳ ಕಿತ್ತು, ಸೀಗಡಿಯ ಉಳಿದ ಚೂರನ್ನು ನೀರಿಗೆ ಎಸೆದು, ಮೀನು ಬಿಟ್ಟೆ. ಬಸಣ್ಣ ಉಸಿರು ಬಿಟ್ಟು ಕಣ್ಣು ತೆರೆದ. ದೋಣಿಯ ತಳದಲ್ಲಿ ಬಿದ್ದಿದ್ದ ಬಲೆಯನ್ನು ನೋಡಿದ. ಅದಕ್ಕೆ ಜೊಂಡು ಅಂಟಿತ್ತು, ಉಳಿದೆರಡು ಸೀಗಡಿ ಅದರಲ್ಲೇ ಒದ್ದಾಡುತ್ತಿದ್ದವು. ನನ್ನ ಮುಖ ನೋಡಲಿಲ್ಲ. ಬಲೆಯನ್ನು ನೀರಿನಲ್ಲಿ ಜಾಲಾಡಿ ಎರಡನ್ನೂ ಬಿಟ್ಟ. ಆಮೇಲೆ ಒಂದು ಗಂಟೆ ರಾಡ್ ಮುಟ್ಟಲಿಲ್ಲ. "ಸಾಕು ತಮ್ಮಾ, ನಡಿ" ಅಂದ.

ಅವನಿಗೆ ಗೊತ್ತಾಯಿತು ಎಂದು ನನಗೆ ಆಗಲೇ ಗೊತ್ತಾಯಿತು. ಆ ದಂಡೆಗೆ ಬರುವಷ್ಟು ದಾರಿಯಲ್ಲಿ ನಾನು ಬಾಯಿ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬಿಡಲಿಲ್ಲ.

ಸಂಜೆ ನಾಲ್ಕಕ್ಕೆ ದೋಣಿ ಇಳಿಸುವ ಜಾಗದಲ್ಲಿ, ನೀಲಗಿರಿ ಮರದ ಕೆಳಗೆ, ಎಲ್ಲರೂ ಸೇರಿದೆವು. ಹನ್ನೆರಡು ಹದಿಮೂರು ಜನ. ರಾಘವ್ ಟ್ಯಾಬ್ಲೆಟ್ ತೆಗೆದು ಒಂದೊಂದೇ ಫೋಟೋ ದೊಡ್ಡದು ಮಾಡಿ ತೋರಿಸುತ್ತಿದ್ದ. ಗಡಿಬಿಡಿಯಲ್ಲಿ ನಾನು ನೋಡದೆಯೇ ಕಳಿಸಿದ್ದ ನಮ್ಮದೂ ಬಂತು. ಸಿಡ್ನಿಯವರು ಶಿಳ್ಳೆ ಹೊಡೆದರು. ರಾಘವ್ ಮಾತ್ರ ಎರಡು ಬೆರಳಿನಿಂದ ಇನ್ನೂ ದೊಡ್ಡದು ಮಾಡಿದ.

"ಒನ್ ಸೆಕೆಂಡ್. ಬಸವಣ್ಣೆಪ್ಪ ಅಂಕಲ್, ಇದು ಸೀಗಡಿ ಅಲ್ವಾ?"

ಗಾಳಕ್ಕೆ ಪೋಣಿಸಿದ ಸೀಗಡಿಯ ಬಾಲ, ಕಾಲು, ಒಂದು ಮೀಸೆ. ಸ್ಪಷ್ಟವಾಗಿ ಕಾಣುತ್ತಿತ್ತು.

ಶಿಳ್ಳೆ ನಿಂತಿತು. ಯಾರೋ ಹಿಂದಿನಿಂದ ಅಂದರು: "ಅದಕ್ಕೇ ಹೆಣದ ಥರ ಕೂತ್ಕೊಳ್ಳೋದು! ರಬ್ಬರ್ ಹುಳ ಅಲ್ಲಾಡಿಸ್ದೇ ಇದ್ರೆ ಯಾವ ಮೀನ್ ಕಚ್ಚುತ್ತೆ? ನಂಗ್ ಮೊದ್ಲಿಂದ್ಲೂ ಡೌಟು."

ಬಸಣ್ಣ ನನ್ನನ್ನು ನೋಡಿದ. ಒಂದೇ ಸಲ. ಬೆದರಿಸುವ ನೋಟವಲ್ಲ, ಬೇಡುವ ನೋಟವೂ ಅಲ್ಲ. ಸುಮ್ಮನೆ ನೋಡಿ ಕಾದ. ಅವನು ಸೀಗಡಿ ಮುಟ್ಟುವವನಲ್ಲ, ಅದು ಅವನ ಮನೆಯ ಆಚಾರ, ಇದು ಅಲ್ಲಿದ್ದ ಒಬ್ಬನಿಗಾದರೂ ಹೊಳೆಯಬೇಕಿತ್ತು. "ನಾನು ಲಿಂಗಾಯತ, ಇಂಥಾದ್ದು ಮುಟ್ಟಂಗಿಲ್ಲ" ಎಂದು ಅವನೇ ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ಆ ದೋಣಿಯಲ್ಲಿದ್ದ ಇನ್ನೊಬ್ಬ ಯಾರು ಎಂದು ಎಲ್ಲರ ಕಣ್ಣೂ ತಿರುಗುತ್ತಿತ್ತು. ಅದಕ್ಕೇ ಹೇಳಲಿಲ್ಲ.

ಬಾಯಿ ತೆರೆದವನು ನಾನು. "ಥೂ! ಎಷ್ಟು ವರ್ಷದಿಂದ ನಡೀತಿದೆ ಬಸಣ್ಣ ಇದು? ನನ್ನ ದೋಣೀಲಿ ಕೂತ್ಕೊಂಡು ನನ್ ಮಾನಾನೂ ಕಳೆದ್ಯಲ್ಲಾ!"

ನನ್ನ ಬಾಯಿ ದೊಡ್ಡದು ಎಂದು ಎಲ್ಲರಿಗೂ ಗೊತ್ತು. ದೊಡ್ಡ ಬಾಯಿಯಿಂದ ಬಂದ ಸಿಟ್ಟನ್ನು ಜನ ಸತ್ಯ ಎಂದು ನಂಬುತ್ತಾರೆ. ಮೊದಲು ಕೂಗಿದವನ ಮೇಲೆ ಯಾರೂ ಅನುಮಾನ ಪಡುವುದಿಲ್ಲ.

ಬಸಣ್ಣ ಚೀಲ ಹೆಗಲಿಗೇರಿಸಿದ. "ಆ ಮೀನ ಹಿಡೀಬ್ಯಾಡ್ರಿ ಅಳತ್ಯಾಗ. ಫಲಕ ಅವರಿಗೇ ಕೊಡ್ರಿ" ಅಂದು, ರಾಡ್ ಹಿಡಿದುಕೊಂಡು ರಸ್ತೆ ಹತ್ತಿದ. ಬರುವಾಗ ನನ್ನ ಕಾರಿನಲ್ಲಿ ಬಂದಿದ್ದ. ಹೋಗುವಾಗ ಪೆನ್ರಿತ್ ಸ್ಟೇಷನ್ನಿಗೆ ನಡೆದುಹೋದ.

ಆಮೇಲಿನದು ನಾನು ಇನ್ನೂ ಮುಚ್ಚಿಟ್ಟುಕೊಳ್ಳಲು ಇಷ್ಟಪಡುವ ಭಾಗ. ವಾಟ್ಸಾಪ್ ಗುಂಪಿನಲ್ಲಿ ಅವನ ಹೆಸರಿನ ಜಾಗಕ್ಕೆ ಒಂದು ಸೀಗಡಿಯ ಚಿತ್ರ ಬಂತು. ಅವನು ಗುಂಪು ಬಿಟ್ಟ. ಸುದ್ದಿ ಹೆಂಗಸರ ಬಾಯಿಗೆ ಹೋಯಿತು. ಮೂರನೇ ವಾರ ಟೂಂಗಾಬಿಯ ಇಂಡಿಯನ್ ಅಂಗಡಿಯಲ್ಲಿ ಸರಸ್ವತಕ್ಕ ನನ್ನನ್ನು ಹಿಡಿದು ನಿಲ್ಲಿಸಿದಳು. ಕೈಯಲ್ಲಿ ಜೋಳದ ಹಿಟ್ಟಿನ ಚೀಲ.

"ಸುಬ್ಬಣ್ಣ, ನೀ ಇದ್ದೆಲ್ಲೋ ಆ ದೋಣ್ಯಾಗ. ಖರೇ ಹೇಳು. ಅವರು ಜೀವ ಇದ್ದದ್ದನ್ನ ಚುಚ್ಚಿದರೇನು? ಅವರನ್ನ ಕೇಳಿದರ ಹೂಂ ಅನ್ನವಲ್ಲರು, ಉಹೂಂ ಅನ್ನವಲ್ಲರು."

ಅವಳು ನನಗೆ ಎಷ್ಟೋ ಸಲ ಊಟ ಬಡಿಸಿದವಳು. ಒಂದು ಮಾತು ಸಾಕಿತ್ತು.

"ನಾನು ನೋಡ್ಲಿಲ್ಲ ಅಕ್ಕ" ಅಂದೆ. ಬೇಳೆಯ ಪ್ಯಾಕೆಟ್ಟನ್ನು ಹಾಗೇ ಇಟ್ಟು ಹೊರಗೆ ಬಂದೆ.

ಎರಡು ತಿಂಗಳಲ್ಲಿ ಮೆಲ್ಬರ್ನ್‌ಗೆ ಬಂದುಬಿಟ್ಟೆ. ಪಾಯಿಂಟ್ ಕುಕ್‌ನಲ್ಲಿ ಪರಿಚಯದವರ ಹೋಟೆಲಿನಲ್ಲಿ ಕೆಲಸ ಸಿಕ್ಕಿತು. ಸಿಡ್ನಿ ರೆಂಟ್ ತಡೆಯಲಾಗಲಿಲ್ಲ ಎಂದು ಕೇಳಿದವರಿಗೆಲ್ಲ ಹೇಳಿದೆ. ಎಲ್ಲರೂ ಹೂಂಗುಟ್ಟಿದರು, ಈ ದೇಶದಲ್ಲಿ ರೆಂಟ್ ಎಂದರೆ ಯಾವ ಸುಳ್ಳೂ ನಿಲ್ಲುತ್ತದೆ.

ಈ ಫೆಬ್ರವರಿಯ ಪಂದ್ಯ ಮೆಲ್ಬರ್ನ್ ಕಡೆ, ಗಿಪ್ಸ್‌ಲ್ಯಾಂಡ್‌ನ ಒಂದು ಜಲಾಶಯದಲ್ಲಿ. ನಾನು ಈಗ ಮೆಲ್ಬರ್ನ್ ತಂಡ. ಎಲ್ಲರಿಗೂ ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆ. ಬೆಳಿಗ್ಗೆ ದೋಣಿ ಇಳಿಸುವ ಮುಂಚೆ ರಾಘವ್ ನಿಯಮ ಓದಿದ. ಕೊನೆಗೆ ನಗುತ್ತಾ ಅಂದ: "ನೋ ಲೈವ್ ಬೆಯ್ಟ್. ಅಂದ್ರೆ, ನೋ ಬಸವಣ್ಣೆಪ್ಪ."

ಎಲ್ಲರೂ ನಕ್ಕರು. ನನ್ನ ಕೈ ತಾನಾಗಿ ಎದ್ದಿತು. ರಾಘವ್‌ನ ಟೀ ಶರ್ಟಿನ ಕತ್ತುಪಟ್ಟಿ ಹಿಡಿದು ಎಳೆದಿದ್ದೆ.

"ಅಂಕಲ್! ವಾಟ್ ದ… ಬಿಡಿ! ಜೋಕ್ ಅಂಕಲ್, ಜೋಕ್!"

ಅವನ ಮುಖ ಹತ್ತಿರದಿಂದ ನೋಡಿದೆ. ಇವನ ಕೆನ್ನೆಗೆ ಬಾರಿಸಲು ಎತ್ತಿದ ಕೈ. ಯಾರ ಕೆನ್ನೆಗೆ ಬೀಳಬೇಕಿತ್ತೋ ಆ ಕೆನ್ನೆ ನನ್ನ ಹತ್ತಿರವೇ ಇತ್ತಲ್ಲ. ಬಿಟ್ಟೆ.

"ಆ ಸೀಗಡಿ ಚುಚ್ಚಿದ್ದು ನಾನು ಕಣಪ್ಪ" ಅಂದೆ. "ಬಸಣ್ಣ ದಂಡೆ ಮೇಲೆ ರೊಟ್ಟಿ ತಿಂತಿದ್ದ. ನಾನು ಚುಚ್ಚಿದೆ. ಎಸೆದಿದ್ದೂ ನಾನೇ. ಆಮೇಲೆ ನಿಮ್ಮೆಲ್ಲರ ಮುಂದೆ ಅವನಿಗೆ ಉಗಿದವನೂ ನಾನೇ."

ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ, ಅದಾದರೂ ಆಗಬೇಕಿತ್ತು. ರಾಘವ್ ಕತ್ತುಪಟ್ಟಿ ಸರಿಮಾಡಿಕೊಂಡು, "ಓಕೆ ಅಂಕಲ್… ಅದು ಲಾಸ್ಟ್ ಇಯರ್ ಆಯ್ತಲ್ವಾ. ಲೇಟ್ ಆಗ್ತಿದೆ, ಬೋಟ್ ಇಳಿಸೋಣ" ಅಂದ. ಎಲ್ಲರೂ ನನ್ನ ಕಡೆ ನೋಡದೆ ಚದುರಿದರು. ಅವರಿಗೆ ಅದು ಅಷ್ಟೇ. ನನ್ನ ಪುಳಿಯೋಗರೆ ಡಬ್ಬಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಐದಕ್ಕೆ ಸಿಡ್ನಿಗೆ ಕಾರು ಹತ್ತಿದೆ. ಆಲ್ಬರಿಯಲ್ಲಿ ಒಂದು ಕಾಫಿ, ಮತ್ತೆಲ್ಲೂ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದೆ. ಟೂಂಗಾಬಿ ತಲುಪಿದಾಗ ನಾಲ್ಕು ಗಂಟೆ. ಬಸಣ್ಣನ ಮಗಳು ಚಿನ್ಮಯಿ ಬಾಗಿಲು ತೆಗೆದಳು. ಯೂನಿವರ್ಸಿಟಿಯಲ್ಲಿ ಓದುವ ಹುಡುಗಿ.

"ಬಸಣ್ಣ ಇದ್ದಾನಾಮ್ಮ?"

"ಹೀಸ್ ಇನ್ ದ ಬ್ಯಾಕ್‌ಯಾರ್ಡ್, ಅಂಕಲ್" ಅಂದಳು. ಒಳಗೆ ಬನ್ನಿ ಎನ್ನಲಿಲ್ಲ. ಪಕ್ಕದ ಗೇಟು ತೋರಿಸಿದಳು.

ಬಸಣ್ಣ ಮೆಣಸಿನ ಗಿಡಗಳಿಗೆ ನೀರು ಹಾಕುತ್ತಿದ್ದ. ಕೆಲಸದ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ. ತೆಳ್ಳಗಾಗಿದ್ದ. ನನ್ನನ್ನು ಕಂಡು ಪೈಪು ನಿಲ್ಲಿಸಿದ. ಹಿಂದೆ ಬೇಲಿಯ ಪಕ್ಕ ಹೀರೇಬಳ್ಳಿ ಹಬ್ಬಿತ್ತು. ಹಬ್ಬಲು ಊರಿದ ಕೋಲು ಯಾವುದೆಂದು ನೋಡಿದೆ: ಅವನ ರಾಡ್. ರೀಲ್ ಬಿಚ್ಚಿ, ಹಿಡಿಯನ್ನು ಮಣ್ಣಿನಲ್ಲಿ ಹೂತಿದ್ದ. ದಾರ ಹೋಗುವ ಬಳೆಗಳಿಗೆಲ್ಲ ಬಳ್ಳಿಯ ಕುಡಿ ಸುತ್ತಿಕೊಂಡಿತ್ತು.

ಬಾಯಿಪಾಠ ಮರೆತುಹೋಯಿತು. "ನಿನ್ನೆ ಎಲ್ಲರ ಮುಂದೆ ಹೇಳಿದೆ ಬಸಣ್ಣ. ನಾನೇ ಅಂತ" ಅಂದೆ.

"ಹೌದು? ಛಲೋ ಆತು."

"ನಿನಗೆ ಅವತ್ತೇ ಗೊತ್ತಿತ್ತು."

"ಬಲ್ಯಾಗಿನ ಸೀಗಡಿ ನೋಡಿದಾಗ ಗೊತ್ತಾತು."

"ಮತ್ತೆ ಯಾಕೆ ಸುಮ್ಮನಿದ್ದೆ? ನಾಲ್ಕು ಬಾರಿಸಬಾರದಿತ್ತಾ ನನಗೆ?"

ಅವನು ಪೈಪು ಕೈಗೆತ್ತಿಕೊಂಡ. "ನೀನ ಹೇಳ್ತಿ ಅನ್ಕೊಂಡೆ. ದಂಡಿಗೆ ಬರೂತನಕ ಕಾಯ್ದೆ. ಎಲ್ಲಾರ ಮುಂದ ನಿಂತಾಗ ಕಾಯ್ದೆ. ಮನೀಗೆ ಬಂದು ದೀಪಾವಳಿ ತನಕ ಕಾಯ್ದೆ ತಮ್ಮಾ." ಪೈಪನ್ನು ಸುರುಳಿ ಸುತ್ತತೊಡಗಿದ. "ಆಮ್ಯಾಲ ಸುತ್ತಿಟ್ಟೆ."

ಅಡುಗೆಮನೆಯ ಜಾಲರಿ ಬಾಗಿಲು ಸದ್ದಾಯಿತು. ಸರಸ್ವತಕ್ಕ ಮೆಟ್ಟಿಲ ಮೇಲೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಅಂಗಡ್ಯಾಗ ಕೇಳಿದ್ದೆ ನಿನ್ನ" ಅಂದಳು. ದನಿ ಏರಲಿಲ್ಲ. "ನೋಡ್ಲಿಲ್ಲ ಅಂದಿ."

"ತಪ್ಪಾಯ್ತು ಅಕ್ಕ."

"ಒಂದು ವರ್ಷ ಆತು. ದಿನಾ ಮುಂಜಾನೆ ಪೂಜಾ ಮುಗಿಸಿ ಇವರು ವಿಭೂತಿ ಹಿಡಕೊಂಡು ಬರ್ತಾರ. ನಾ ಇವರ ಕೈಲೆ ಹಚ್ಚಿಸಿಕೊಂಡಿಲ್ಲ. ನಾನ ಹಚ್ಚಿಕೋತೀನಿ ಅಂತ ವಿಭೂತಿ ಗಟ್ಟಿ ತಗೋತಿದ್ದೆ. ಇವರು ಒಂದು ದಿನಾನೂ ಯಾಕ ಅಂತ ಕೇಳಲಿಲ್ಲ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅದನ್ನ ಯಾರು ತಿರುಗಿ ಕೊಡಾವ್ರು? ನೀ ಕೊಡ್ತೀಯೇನು?"

ಅವಳು ಗಂಡನ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ದಢಾರನೆ ಹಾಕಿದ್ದರೆ ನನಗೆ ಇನ್ನೂ ಹಗುರಾಗುತ್ತಿತ್ತು.

ಏನಾದರೂ ಮಾಡಬೇಕಲ್ಲ ಎಂದು ಬೇಲಿಯ ಹತ್ತಿರ ಹೋಗಿ ರಾಡಿಗೆ ಕೈ ಹಾಕಿದೆ. "ಇದನ್ನ ಕಿತ್ತು ತೊಳೆದು ಕೊಡ್ತೀನಿ ಬಸಣ್ಣ. ಹೊಸ ರೀಲ್ ಹಾಕೋಣ. ನೆಪಿಯನ್‌ಗೆ ಹೋಗೋಣ, ನೀನು ಹೇಳಿದ ಹಾಗೆ ನಾನೂ ಎಣಿಸ್ತೀನಿ…"

"ಮುಟ್ಟಬ್ಯಾಡ."

ಕೈ ತೆಗೆದೆ.

"ಈಗ ಕಿತ್ತರ ಬಳ್ಳಿ ಹರೀತೈತಿ. ಹೂವು ಬಂದಾವ, ಹೀಚು ನಿಂತಾವ." ಹೀಚೊಂದನ್ನು ಎತ್ತಿ ನೋಡಿ ಮತ್ತೆ ಮೆಲ್ಲಗೆ ಬಿಟ್ಟ. "ಹೀರೀಕಾಯಿ ಮುಗೀಲಿ. ಆಮ್ಯಾಲ ನೋಡೂಣು. ಈಗ ನೀ ಹೋಗು. ಆಕಿ ಜೋಡಿ ನಾ ಒಂದೀಟು ಕುಂದರಬೇಕು."

ಗೇಟಿನ ತನಕ ಬಂದ. ಚಹಾ ಕುಡಿದು ಹೋಗು ಅನ್ನಲಿಲ್ಲ. ನಾನು ಆ ಮನೆಯಿಂದ ಚಹಾ ಕುಡಿಯದೆ ಹೊರಬಿದ್ದದ್ದು ಅದೇ ಮೊದಲು.

ಸಿಡ್ನಿಯಲ್ಲಿ ಹೀರೇಬಳ್ಳಿ ಏಪ್ರಿಲ್ ಕೊನೆಗೆ ಒಣಗುತ್ತದೆ ಎಂದು ತೋಟ ಮಾಡುವವರನ್ನು ಕೇಳಿ ತಿಳಿದುಕೊಂಡಿದ್ದೇನೆ. ಈಗ ಮೇ ತಿಂಗಳ ಎರಡನೇ ವಾರ. ಫೋನು ಬಂದಿಲ್ಲ. ಹತ್ತು ಸಲ ಅವನ ನಂಬರು ತೆಗೆದು ಫೋನು ಮತ್ತೆ ಜೇಬಿಗಿಟ್ಟೆ. ರಜೆ ಇದ್ದ ದಿನ ವೆರಿಬಿ ನದಿಯ ದಂಡೆಗೆ ಹೋಗಿ ಭಾರವಿಲ್ಲದ ರಬ್ಬರ್ ಹುಳು ಎಸೆದು ಕೂರುತ್ತೇನೆ. ನಾನು ಜನ್ಮದಲ್ಲಿ ಮಾಡೆನೆಂದಿದ್ದ ಪಟ್ಟು. ಮೊದಲ ವಾರದ ಗುರುವಾರಕ್ಕೇ ಕೈ ಕಡಿಯತೊಡಗುತ್ತದೆ, ಒಮ್ಮೆ ಎಳೆದು ನೋಡೋಣ ಅನಿಸುತ್ತದೆ. ಎಳೆಯುವುದಿಲ್ಲ. ಶುಕ್ರವಾರ, ಶನಿವಾರ ಎಂದು ಎಣಿಸುತ್ತೇನೆ.